ಏನು ಕೇಳ್ತೀಯ ಅಂತ ಯಾರೂ ಕೇಳಲಿಲ್ಲ

ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಕಾಫಿ ಮೆಷಿನ್ ಮುಂದೆ ನಿಂತು ಯಾರಾದರೂ "ಎರಡು ಸಾವಿರದೊಳಗೆ ಒಳ್ಳೇ ಇಯರ್‌ಫೋನ್ ಯಾವುದು?" ಅಂತ ಕೇಳಿದರೆ ಸಾಕು. ಅಲ್ಲಿವರೆಗೆ ಸುಮ್ಮನೆ ಬಿಸ್ಕತ್ತು ಅದ್ದಿಕೊಂಡು ನಿಂತಿದ್ದವರೆಲ್ಲ ಏಕಾಏಕಿ ತಜ್ಞರಾಗಿಬಿಡುತ್ತಾರೆ. ಕಳೆದ ವರ್ಷ ನಮ್ಮ ಟೀಮಿಗೆ ಬಂದ ಕುಂದಾಪುರದ ಹುಡುಗನೊಬ್ಬ ಇದೇ ಪ್ರಶ್ನೆ ಕೇಳಿದ. ನಾಲ್ಕು ಜನ ಉತ್ತರ ಕೊಟ್ಟರು. ಒಬ್ಬ "ಡ್ರೈವರ್ ಸೈಜ್ ನೋಡು, ದೊಡ್ಡದಿದ್ದಷ್ಟೂ ಒಳ್ಳೇದು" ಅಂದ. ಇನ್ನೊಬ್ಬಳು "ವೈರ್ ಇರೋದು ಈಗ ಯಾರು ತಗೋತಾರೆ, ನಾಯ್ಸ್ ಕ್ಯಾನ್ಸಲಿಂಗ್ ಇರಲಿ" ಅಂದಳು. ಮೂರನೆಯವನು "ಬೇಸ್ ಮುಖ್ಯ ಗುರೂ, ತಲೆ ಒಳಗೆ ಗುದ್ದಬೇಕು" ಅಂದ. ನಾಲ್ಕನೆಯವನು ಮಾತಾಡದೆ ಫೋನ್ ತೆಗೆದು ಲಿಂಕ್ ಕಳಿಸಿದ. "ಇದು ತಗೋ. ಡಿಟೇಲ್ ಅಂದ್ರೆ ಏನು ಅಂತ ಗೊತ್ತಾಗತ್ತೆ."

ಆ ನಾಲ್ಕನೆಯವನು ನಾನೇ.

ಹುಡುಗ ಪಾಪ, ನಾನು ಹೇಳಿದ್ದನ್ನೇ ಕೊಂಡ. ಒಂದು ತಿಂಗಳ ನಂತರ ನೋಡಿದರೆ ಮತ್ತೆ ಹಳೇ ಫೋನಿನ ಡಬ್ಬದಲ್ಲಿ ಬಂದಿದ್ದ ಬಿಳಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ಹೊಸದು ಎಲ್ಲಿ ಅಂತ ಕೇಳಿದೆ.

"ಡ್ರಾಯರಲ್ಲಿ ಉಂಟು. ಅದರಲ್ಲಿ ಚೆಂಡೆ ಬಡಿದ್ರೆ ಕಿವಿಗೆ ಸೂಜಿ ಹಾಕಿದ ಹಾಗೆ ಆಗ್ತದೆ ಮಾರಾಯ್ರೆ."

"ಚೆಂಡೆಯಾ? ನೀನು ಯಕ್ಷಗಾನ ಕೇಳ್ತೀಯಾ?"

"ಮತ್ತೆಂತ ಕೇಳುದು? ಕಾಳಿಂಗ ನಾವಡರದ್ದು. ಹಳೇ ಕ್ಯಾಸೆಟ್ಟಿನ ರೆಕಾರ್ಡಿಂಗ್ ಎಲ್ಲ ಉಂಟಲ್ಲ."

ನಾಲ್ಕು ಜನ, ನಾಲ್ಕು ಉತ್ತರ. ಆದರೆ "ನೀನು ಏನು ಕೇಳ್ತೀಯ?" ಅಂತ ಒಬ್ಬರೂ ಕೇಳಿರಲಿಲ್ಲ. ಚಪ್ಪಲಿ ಅಂಗಡಿಯವನೂ ಕಾಲಿನ ಅಳತೆ ಕೇಳುತ್ತಾನೆ. ನಾವು ಕಿವಿಗೆ ಹಾಕಿಕೊಳ್ಳುವುದನ್ನು ಮಾತ್ರ ಅಳತೆ ಕೇಳದೆ ಮಾರುತ್ತೇವೆ, ಕೊಳ್ಳುತ್ತೇವೆ, ಶಿಫಾರಸು ಮಾಡುತ್ತೇವೆ. ನನ್ನ ಜಗಳ ಇದರ ಜತೆ. ಜಾಹೀರಾತಿನವರ ಜತೆ, ರಿವ್ಯೂ ಮಾಡುವವರ ಜತೆ, ಎಲ್ಲರಿಗಿಂತ ಮೊದಲು ನನ್ನ ಜತೆ.

ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ನನ್ನ ಮೇಜಿನ ಡ್ರಾಯರಿನಲ್ಲಿ ಏಳು ಇಯರ್‌ಫೋನ್‌ಗಳಿವೆ. ಒಂದೊಂದೂ "ಇದೇ ಕೊನೇದು" ಅಂತ ಹೆಂಡತಿಗೆ ಹೇಳಿ ತಂದದ್ದು. ಒಂದೊಂದೂ "ಬಜೆಟ್". ಒಂದು ದಿನ ಕೂತು ಒಟ್ಟು ಲೆಕ್ಕ ಹಾಕಿದಾಗ ಇಪ್ಪತ್ಮೂರು ಸಾವಿರ ದಾಟಿತ್ತು. ಏಳು ಬಜೆಟ್ ಸೇರಿದರೆ ಬಜೆಟ್ ಆಗಲ್ಲ ಸ್ವಾಮಿ, ಸಾಲ ಆಗತ್ತೆ.

ಆ ಏಳರಲ್ಲಿ ಮೂರನೆಯದನ್ನು ಕೊಂಡ ಹೊಸತರಲ್ಲಿ ಅಪ್ಪ ಧಾರವಾಡದಿಂದ ಬಂದಿದ್ದರು. ಅವರು ಆಕಾಶವಾಣಿ ಕೇಳಿಕೊಂಡೇ ಬೆಳೆದವರು. ಮಲ್ಲಿಕಾರ್ಜುನ ಮನ್ಸೂರರ ಹಾಡು ಹಚ್ಚಿ, ದೊಡ್ಡ ಉಪಕಾರ ಮಾಡುವವನ ಹಾಗೆ ಅವರ ಕಿವಿಗೆ ಸಿಕ್ಕಿಸಿದೆ. ಎರಡು ನಿಮಿಷ ಕೇಳಿದರು. ತೆಗೆದು ಕೈಯಲ್ಲಿ ಹಿಡಿದುಕೊಂಡು ತಿರುವಿ ತಿರುವಿ ನೋಡಿದರು.

"ತಂಬೂರಿ ಎಲ್ಲಿ ಹೋತೋ ತಮ್ಮಾ? ಬರೇ ಡಗ್ಗಾ ಕೇಳಸ್ತೈತಿ. ಮನ್ಸೂರು ಬ್ಯಾರೆ ಖೋಲ್ಯಾಗ ಕುಂತು ಹಾಡಿದಂಗ ಆಗೇತಿ."

ನನಗೆ ಸಿಟ್ಟು ಬಂತು. ಮೂರು ಸಾವಿರದ ಮಾಲು! ಅವರಿಗೆ ವಯಸ್ಸಾಗಿದೆ, ಕಿವಿ ಮಂದವಾಗಿದೆ ಅಂದುಕೊಂಡೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅದೇ ಹಾಡನ್ನು ಮತ್ತೆ ಹಾಕಿಕೊಂಡು ತಂಬೂರಿಯನ್ನೇ ಹುಡುಕಿದೆ. ಇರಲಿಲ್ಲ. ಅಂದರೆ ಇತ್ತು, ಆದರೆ ಡಗ್ಗಾದ ಗುಂಯ್‌ಗುಡುವಿಕೆಯ ಅಡಿಯಲ್ಲಿ ಹೂತುಹೋಗಿತ್ತು. ಅಪ್ಪನ ಕಿವಿ ಸರಿಯಾಗಿತ್ತು. ಕೆಟ್ಟಿದ್ದು ನನ್ನ ರುಚಿ.

ಇದು ಹೇಗೆ ಆಗುತ್ತದೆ ಅಂತ ನೋಡಿ. ಕಿವಿಯ ನಾಳವನ್ನು ರಬ್ಬರಿನಿಂದ ಬಿಗಿಯಾಗಿ ಮುಚ್ಚಿದರೆ ಒಳಗೆ ಉಳಿಯುವ ಗಾಳಿ ಬಹಳ ಸ್ವಲ್ಪ. ಅಷ್ಟು ಗಾಳಿಯನ್ನು ಅಲುಗಾಡಿಸಿ ಬೇಸ್ ಹುಟ್ಟಿಸಲು ಹತ್ತು ಮಿಲಿಮೀಟರಿನ ಅಗ್ಗದ ಡ್ರೈವರ್ ಧಾರಾಳ ಸಾಕು. ಅಂದರೆ ಇಯರ್‌ಫೋನಿನಲ್ಲಿ ಬೇಸ್ ಕೊಡುವುದು ಘನಕಾರ್ಯವೇನಲ್ಲ, ಅತೀ ಸುಲಭದ ಕೆಲಸ. ಕಷ್ಟದ ಕೆಲಸ ಅಂದರೆ ನಡುವಿನ ಸ್ವರಗಳನ್ನು ಹದವಾಗಿ ಇಡುವುದು. ಮನುಷ್ಯನ ಕಿವಿ ಅತಿ ಚುರುಕಾಗಿರುವುದು ಸುಮಾರು 2,000ದಿಂದ 4,000 ಹರ್ಟ್ಜ್ ನಡುವೆ. ಮಾತಿನ ವ್ಯಂಜನಗಳು ಸ್ಪಷ್ಟವಾಗುವುದು, ದನಿಗೆ ಹತ್ತಿರದ ಭಾವ ಬರುವುದು ಬಹುಪಾಲು ಅಲ್ಲೇ. ಅಲ್ಲಿ ಸ್ವಲ್ಪ ಏರುಪೇರಾದರೂ ಗೊತ್ತಾಗಿಬಿಡುತ್ತದೆ. ಹಾಗಾಗಿ ಹಲವು ಅಗ್ಗದ ಮಾಲುಗಳು ಒಂದು ಉಪಾಯ ಮಾಡುತ್ತವೆ. ಕೆಳಗಿನ ಬೇಸ್ ಏರಿಸು, ಮೇಲಿನ ಚಿಣಿಚಿಣಿ ಏರಿಸು, ನಡುವನ್ನು ಗುಂಡಿಗೆ ತಳ್ಳು. ಇದನ್ನು ವಿ-ಶೇಪ್ ಅನ್ನುತ್ತಾರೆ. ಅಂಗಡಿಯಲ್ಲಿ ಒಂದು ನಿಮಿಷ ಕೇಳಿದರೆ "ವಾವ್" ಅನ್ನಿಸುತ್ತದೆ. ಮನೆಗೆ ತಂದು ಒಂದು ಗಂಟೆ ಕೇಳಿದರೆ ತಲೆ ಭಾರ.

ಜತೆಗೆ ಕಿವಿಯದ್ದೇ ಒಂದು ಗುಣವಿದೆ. ಜೋರಾದ ಮಂದ್ರದ ಸದ್ದು ತನಗಿಂತ ಮೇಲಿನ ಸೂಕ್ಷ್ಮ ಸದ್ದುಗಳನ್ನು ಮುಚ್ಚಿಹಾಕುತ್ತದೆ. ಮದುವೆ ಮನೆಯಲ್ಲಿ ಡೋಲು ಬಡಿಯುವಾಗ ಪಕ್ಕದವರ ಮಾತು ಕೇಳದ ಹಾಗೆ. ತಂಬೂರಿಯ ಜವಾರಿ ಅನ್ನುವುದು ಒಂದು ತಂತಿ ಹುಟ್ಟಿಸುವ ಹತ್ತಾರು ಮೇಲಿನ ಸ್ವರಗಳ ಮಿನುಗು. ಅದರ ಮೇಲೆ ಡಗ್ಗಾ ಹೊದಿಸಿದರೆ ಹಾಡಿನ ನೆಲವೇ ಹೋಯಿತು. ಅಪ್ಪನ ಟ್ರಾನ್ಸಿಸ್ಟರಿನಲ್ಲಿ ಬೇಸ್ ಇರಲೇ ಇಲ್ಲ. ಆದರೂ ಅವರಿಗೆ ರಾಗ ಪೂರ್ತಿ ಸಿಕ್ಕಿತ್ತು, ಯಾಕೆಂದರೆ ಆ ಸಣ್ಣ ಸ್ಪೀಕರ್ ನಡುವನ್ನು ಮುಟ್ಟುತ್ತಿರಲಿಲ್ಲ. ನನ್ನ ಹತ್ತಿರ ಎಲ್ಲ ಇತ್ತು, ಹಾಡು ಇರಲಿಲ್ಲ.

ಈಗ ನೀವು "ಓಹೋ, ಬೇಸ್ ಕೇಳುವವರಿಗೆ ಬುದ್ಧಿ ಇಲ್ಲ ಅಂತ ಹೇಳೋಕೆ ಬಂದ್ರಾ" ಅನ್ನಬಹುದು. ಇಲ್ಲ. ಆ ಜಾತಿಯವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. "ನ್ಯೂಟ್ರಲ್" ಅನ್ನುವ ಪದವನ್ನು ಜನಿವಾರದ ಹಾಗೆ ಹಾಕಿಕೊಂಡು ಓಡಾಡುವವರು ಇದ್ದಾರೆ. ಅವರ ಪ್ರಕಾರ ಬೇಸ್ ಇಷ್ಟಪಡುವವನು ಸಂಗೀತ ತಿಳಿಯದವನು. ಇದು ಶುದ್ಧ ಮಡಿವಂತಿಕೆ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ನುಡಿಯುವುದು 41 ಹರ್ಟ್ಜ್‌ನಲ್ಲಿ. ಇಳಯರಾಜರ ಹಾಡುಗಳಲ್ಲಿ ಬೇಸ್ ಗಿಟಾರು ಇನ್ನೊಬ್ಬ ಗಾಯಕನ ಹಾಗೆ ಓಡಾಡುತ್ತದೆ. ಅದನ್ನು ಕೇಳಿಸದ ಇಯರ್‌ಫೋನು ಅರ್ಧ ಹಾಡನ್ನು ಕದ್ದ ಹಾಗೆ. ನೀವು ಹಿಪ್‌ಹಾಪ್ ಕೇಳುವವರಾದರೆ, ಅರ್ಜುನ್ ಜನ್ಯರ ಡ್ಯಾನ್ಸ್ ನಂಬರುಗಳು ನಿಮ್ಮ ಜಿಮ್‌ನ ಇಂಧನವಾಗಿದ್ದರೆ, ಡೊಳ್ಳು ಎದೆಗೆ ಬಡಿಯಬೇಕು ಅನ್ನುವವರಾದರೆ ಬೇಸ್ ಕೇಳಿ ತಗೊಳ್ಳಿ. ನಾಚಿಕೆ ಬೇಡ. ಒಂದೇ ಎಚ್ಚರ. ಬೇಸ್ 100 ಹರ್ಟ್ಜ್ ಆಸುಪಾಸಿನಲ್ಲಿ ನಿಲ್ಲಬೇಕು. ಅದು 200, 300ರವರೆಗೆ ಚೆಲ್ಲಿದರೆ ಗಂಡಸರ ದನಿ ಕಂಬಳಿ ಹೊದ್ದ ಹಾಗೆ ಕೇಳುತ್ತದೆ. ಒಳ್ಳೇ ಬೇಸಿಗೂ ಕೆಟ್ಟ ಬೇಸಿಗೂ ಇರುವ ವ್ಯತ್ಯಾಸ ಎಷ್ಟಿದೆ ಅನ್ನುವುದರಲ್ಲಿಲ್ಲ, ಎಲ್ಲಿ ನಿಲ್ಲುತ್ತದೆ ಅನ್ನುವುದರಲ್ಲಿದೆ.

ಹಾಗೇ ಉಳಿದವರೂ ತಮ್ಮ ತಮ್ಮ ಹಾಡು ನೋಡಿಕೊಳ್ಳಬೇಕು. ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಅಶ್ವತ್ಥರ ಭಾವಗೀತೆ ಕೇಳುವವರಿಗೆ ನಡುವೇ ಪ್ರಾಣ. ಪಿಟೀಲಿನ ಅತಿ ಕೆಳಗಿನ ತಂತಿಯೇ ಪಾಶ್ಚಾತ್ಯ ಶ್ರುತಿಯಲ್ಲಿ 196 ಹರ್ಟ್ಜ್. ಅದರ ಕೆಳಗೆ ನೀವು ಕೊಡುವ ಹೆಚ್ಚಿನ ದುಡ್ಡಿಗೆ ಪಿಟೀಲಿನ ಮಟ್ಟಿಗೆ ಕೆಲಸವಿಲ್ಲ. ಮೂನ್‌ಡ್ರಾಪ್ ಚು, ಸೆವೆನ್ ಹರ್ಟ್ಜ್ ಝೀರೋ ಥರದ ಸಣ್ಣ ಬೆಲೆಯ ಚೀನೀ ಮಾದರಿಗಳು ಈ ಗುಂಪಿಗೆ ದೊಡ್ಡ ಉಪಕಾರ ಮಾಡಿವೆ. ಹತ್ತು ವರ್ಷದ ಹಿಂದೆ ಈ ದುಡ್ಡಿಗೆ ಇಂಥ ಹದ ಸಿಗುವುದು ಕಷ್ಟವಿತ್ತು. ರಾಕ್, ಮೆಟಲ್ ಕೇಳುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ಅಲ್ಲಿ ಗಿಟಾರು, ಸಿಂಬಲ್ ಸೇರಿ ಮೇಲಿನ ಸ್ವರಗಳನ್ನು ಆಗಲೇ ತುಂಬಿಬಿಟ್ಟಿರುತ್ತವೆ. ಅದರ ಮೇಲೆ ಇಯರ್‌ಫೋನೂ ಚಿಣಿಚಿಣಿ ಸೇರಿಸಿದರೆ ಮೂರನೇ ಹಾಡಿಗೆ ಸುಸ್ತು. ಹಳೇ ಕ್ಯಾಸೆಟ್, ರಾಜನ್-ನಾಗೇಂದ್ರರ ಕಾಲದ ಹಾಡು, ಯಕ್ಷಗಾನ ಕೇಳುವವರಿಗೆ ಮೇಲಿನ ಸ್ವರ ಮೆತ್ತಗಿರುವುದೇ ವಾಸಿ. ಇಲ್ಲವಾದರೆ ಭಾಗವತರಿಗಿಂತ ಮೊದಲು ಟೇಪಿನ ಸುಯ್ ಸದ್ದು ಕೇಳುತ್ತದೆ. "ಡಿಟೇಲ್" ಅಂತ ನಾನು ಕುಂದಾಪುರದ ಹುಡುಗನಿಗೆ ಮಾರಿದ್ದು ಅದನ್ನೇ. ಇನ್ನು ಬರೀ ಪಾಡ್‌ಕಾಸ್ಟು, ಮೀಟಿಂಗು ಅನ್ನುವವರು ಡಬ್ಬದಲ್ಲಿ ಬಂದಿದ್ದರಲ್ಲೇ ಹಾಯಾಗಿರಿ. ಹಳೇ ಟೆಲಿಫೋನು 300ರಿಂದ 3,400 ಹರ್ಟ್ಜ್ ಮಾತ್ರ ಸಾಗಿಸುತ್ತಿತ್ತು. ಅಷ್ಟರಲ್ಲೇ ನಮ್ಮ ಅಪ್ಪ ಅಮ್ಮಂದಿರು ಮದುವೆ ಮಾತುಕತೆ ಮುಗಿಸಿದ್ದಾರೆ.

ಇನ್ನು ಅಪ್‌ಗ್ರೇಡ್ ಅನ್ನುವ ದೊಡ್ಡ ಮೋಸಕ್ಕೆ ಬರೋಣ. ಎರಡು ಸಾವಿರದ್ದು ಕೊಂಡವನಿಗೆ ಐದು ಸಾವಿರದ್ದು ತೋರಿಸುತ್ತಾರೆ, ಐದು ಸಾವಿರದವನಿಗೆ ಹದಿನೈದು. ಪ್ರತಿ ಮೆಟ್ಟಿಲಿನಲ್ಲೂ "ಹಾಡಿನ ಮೇಲಿನ ಪರದೆ ಸರಿದ ಹಾಗೆ" ಅಂತ ಒಬ್ಬ ಬರೆದಿರುತ್ತಾನೆ. ಎಷ್ಟು ಪರದೆ ಇತ್ತಪ್ಪಾ ಹಾಗಾದರೆ? 2017ರಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್, ಇಯರ್‌ಫೋನ್‌ಗಳ ಅಳತೆಗಳನ್ನು ಇಟ್ಟುಕೊಂಡು ಬೆಲೆಗೂ ಅವು ಸ್ವರಗಳನ್ನು ಹಂಚುವ ರೀತಿಗೂ ಸಂಬಂಧ ಇದೆಯಾ ಅಂತ ನೋಡಿದರು. ಸಂಬಂಧ ಸಿಗಲಿಲ್ಲ. ದುಡ್ಡಿಗೆ ಬೇರೇನೋ ಸಿಗಬಹುದು. ಗಟ್ಟಿ ಕವಚ, ಬಾಳಿಕೆ ಬರುವ ಕೇಬಲ್, ಚೆಂದದ ಡಬ್ಬ. ಆದರೆ ಬೆಲೆ ಮೂರು ಪಟ್ಟಾದರೆ ಹಾಡು ಮೂರು ಪಟ್ಟಾಗುತ್ತದೆ ಅನ್ನುವುದು ಸುಳ್ಳು. ಡಬ್ಬದ ಮೇಲಿನ ಹೈ-ರೆಸ್ ಸ್ಟಿಕ್ಕರನ್ನೇ ನೋಡಿ. ಅದು 40,000 ಹರ್ಟ್ಜ್‌ವರೆಗೆ ಸದ್ದು ಬರುತ್ತದೆ ಅನ್ನುತ್ತದೆ. ಮನುಷ್ಯನ ಕಿವಿ ಎಳೇ ವಯಸ್ಸಿನಲ್ಲೇ 20,000ಕ್ಕೆ ನಿಂತುಹೋಗುತ್ತದೆ, ವಯಸ್ಸಾದಂತೆ ಇನ್ನೂ ಕೆಳಗಿಳಿಯುತ್ತದೆ. ಉಳಿದದ್ದನ್ನು ಯಾರಿಗೆ ಕೇಳಿಸಲು ಕೊಂಡಿರಿ? ಬಾವಲಿಗಾ?

ನನ್ನ ಪ್ರಕಾರ ಅಪ್‌ಗ್ರೇಡಿನ ಸಾಲು ಹೀಗಿರಬೇಕು.

ಮೊದಲನೆಯದು ರಬ್ಬರ್ ಟಿಪ್. ಡಬ್ಬದಲ್ಲಿ ಮೂರು ಅಳತೆಯ ಟಿಪ್ ಕೊಟ್ಟಿರುತ್ತಾರೆ. ನಡುವಿನದು ಹಾಕಿಕೊಂಡೇ ಬಂದಿರುತ್ತದೆ, ಉಳಿದ ಎರಡು ಜೊತೆ ಕವರಿನಲ್ಲೇ ಇದ್ದು ಕಸಕ್ಕೆ ಹೋಗುತ್ತವೆ. ಟಿಪ್ ಸರಿಯಾಗಿ ಕೂರದೆ ಸಂದಿಯಿದ್ದರೆ ಬೇಸ್ ಎಲ್ಲ ಸೋರಿಹೋಗುತ್ತದೆ, ಮೇಲಿನ ಸ್ವರ ಮಾತ್ರ ಉಳಿದು ಚುಚ್ಚುತ್ತದೆ. ಜನ ಇದನ್ನು ಇಯರ್‌ಫೋನಿನ ದೋಷ ಅಂದುಕೊಂಡು ಹೊಸದು ಕೊಳ್ಳುತ್ತಾರೆ. ಎರಡು ಕಿವಿಗೂ ಬೇರೆ ಬೇರೆ ಅಳತೆ ಬೇಕಾಗಬಹುದು. ನನಗೆ ಎಡಕ್ಕೆ ದೊಡ್ಡದು, ಬಲಕ್ಕೆ ನಡುವಿನದು. ಇದು ಗೊತ್ತಾಗಲು ನನಗೆ ಏಳು ಇಯರ್‌ಫೋನ್ ಬೇಕಾಯಿತು.

ಎರಡನೆಯದು ಈಕ್ವಲೈಜರ್. ನಿಮ್ಮ ಫೋನಿನಲ್ಲೋ ಹಾಡಿನ ಆಪ್‌ನಲ್ಲೋ ಆಗಲೇ ಇರುತ್ತದೆ, ಬಿಟ್ಟಿ. ಇದರಲ್ಲಿ ಒಂದು ನಿಯಮ, ಏರಿಸಬೇಡಿ, ಇಳಿಸಿ. ದನಿ ಮಂಕಾಗಿದ್ದರೆ 250ರ ಹತ್ತಿರ ಮೂರ್ನಾಲ್ಕು ಡೆಸಿಬಲ್ ಇಳಿಸಿ ನೋಡಿ. ಚುಚ್ಚುತ್ತಿದ್ದರೆ 4,000ದಿಂದ 8,000ದ ನಡುವೆ ಇಳಿಸಿ.

ಮೂರನೆಯದು ಕೇಬಲ್, ಅದೂ ಹಾಳಾದಾಗ ಮಾತ್ರ. ಬಿಚ್ಚಿ ಬದಲಿಸಬಹುದಾದ ಕೇಬಲ್ ಇರುವುದನ್ನೇ ಕೊಳ್ಳಿ. ಮೊದಲ ಚುವಿನಲ್ಲಿ ಕೇಬಲ್ ಅಂಟಿಕೊಂಡೇ ಇತ್ತು, ಎರಡನೇ ಚುವಿನಲ್ಲಿ ಬಿಚ್ಚಬಹುದು. ಬ್ಲೂಟೂತಿನವುಗಳಲ್ಲಿ ಕಡಲೆಕಾಳಿನಷ್ಟು ಬ್ಯಾಟರಿ, ಅದು ಸತ್ತ ದಿನ ಇಯರ್‌ಫೋನೂ ಸತ್ತಿತು. ಅನುಕೂಲ ಇದೆ, ಒಪ್ಪುತ್ತೇನೆ. ಆದರೆ ಅದು ಆಸ್ತಿಯಲ್ಲ, ಬಾಡಿಗೆ.

ಇಷ್ಟೆಲ್ಲ ಆದ ಮೇಲೂ ಹೊಸದು ಬೇಕು ಅನ್ನಿಸಿದರೆ ಒಂದು ಚೀಟಿಯಲ್ಲಿ ಒಂದೇ ವಾಕ್ಯದ ದೂರು ಬರೆಯಿರಿ. "ಈಗಿರುವುದರಲ್ಲಿ ಗಂಗೂಬಾಯಿಯವರ ದನಿ ಟೊಳ್ಳಾಗಿ ಕೇಳುತ್ತದೆ" ಅನ್ನುವುದು ದೂರು. "ಇನ್ನೂ ಚೆನ್ನಾಗಿರೋದು ಇರಬಹುದೇನೋ" ಅನ್ನುವುದು ದೂರಲ್ಲ, ಕಾಯಿಲೆ. ದೂರು ಬರೆಯಲು ಬರದಿದ್ದರೆ ಕಾರ್ಡು ಜೇಬಿನಲ್ಲಿರಲಿ. ಬರೆದರೆ, ನಿಮ್ಮದೇ ಮೂರು ಹಾಡು ಹಿಡಿದುಕೊಂಡು ಹೋಗಿ, ಎರಡರ ವಾಲ್ಯೂಮನ್ನೂ ಒಂದೇ ಮಟ್ಟಕ್ಕೆ ತಂದು ಕೇಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿರುವುದು ಅಂತ ನಮ್ಮ ಮಿದುಳು ತೀರ್ಪು ಕೊಡುತ್ತದೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ಇಷ್ಟು ಹೊತ್ತು ದುಡ್ಡಿನ ಮಾತಾಯಿತು. ದುಡ್ಡು ಹೋದರೆ ಮುಂದಿನ ತಿಂಗಳು ಬರುತ್ತದೆ. ಬಾರದೇ ಇರುವುದು ಇನ್ನೊಂದಿದೆ.

ಒಂದು ರಾತ್ರಿ ಫ್ಯಾನ್ ಆರಿಸಿ ಮಲಗಿದಾಗ ಎಡಗಿವಿಯಲ್ಲಿ ಜೀರುಂಡೆ ಕೂಗಿದ ಹಾಗಾಯಿತು. ಎದ್ದು ಕಿಟಕಿ ಹಾಕಿದೆ. ಜೀರುಂಡೆ ಒಳಗೇ ಇತ್ತು. ಒಂದು ವಾರವಾದರೂ ಹೋಗಲಿಲ್ಲ. ಕಿವಿ ಡಾಕ್ಟರ್ ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಹೊರಗೆ ಬಂದು ಗ್ರಾಫ್ ತೋರಿಸಿದರು. ಎಲ್ಲ ಕಡೆ ಸರಿಯಾಗಿದ್ದ ಗೆರೆ 4,000 ಹರ್ಟ್ಜ್ ಹತ್ತಿರ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಜೋರು ಸದ್ದಿಗೆ ಕೆಟ್ಟ ಕಿವಿಯ ಗುರುತು ಅದು. "ಫ್ಯಾಕ್ಟರಿಯಲ್ಲಿ ಕೆಲಸವಾ?" ಅಂತ ಕೇಳಿದರು. ಇಲ್ಲ ಡಾಕ್ಟ್ರೇ, ಬಸ್ಸಲ್ಲಿ ಓಡಾಡ್ತೀನಿ ಅಂದೆ.

ಬಸ್ಸಿನ ಇಂಜಿನ್ ಸದ್ದಿನ ಮೇಲೆ ಹಾಡು ಕೇಳಬೇಕು, ಅದಕ್ಕೆ ವಾಲ್ಯೂಮ್ ಏರಿಸು. ಟಿಪ್ ಸರಿಯಾಗಿ ಕೂತಿಲ್ಲ, ಬೇಸ್ ಸಾಲದು, ಇನ್ನೂ ಏರಿಸು. ನಡುವಿನ ದನಿ ಗುಂಡಿಯಲ್ಲಿದೆ, ಮಾತು ಕೇಳಲು ಮತ್ತೂ ಏರಿಸು. ಇಷ್ಟು ವರ್ಷ ನಾನು ಮಾಡಿದ್ದು ಇದನ್ನೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬಲ್ ಏರಿದರೆ ಆ ಸಮಯ ಅರ್ಧವಾಗುತ್ತದೆ. 90ಕ್ಕೆ ಹೋದರೆ ಇಡೀ ವಾರಕ್ಕೆ ಸುಮಾರು ನಾಲ್ಕೇ ಗಂಟೆ. ಹೋಗುವಾಗ ಒಂದು ಗಂಟೆ, ಬರುವಾಗ ಒಂದು ಗಂಟೆ ಬಸ್ಸಿನಲ್ಲಿರುವ ಬೆಂಗಳೂರಿನವನ ವಾರದ ರೇಷನ್ನು ಮಂಗಳವಾರ ಸಂಜೆಗೇ ಖಾಲಿ. ಅಸುರಕ್ಷಿತವಾಗಿ ಕೇಳುವ ಚಾಳಿಯಿಂದ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರ ಕಿವಿ ಅಪಾಯದಲ್ಲಿದೆ ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ಒಂದೊಂದು ಕಿವಿಯೊಳಗೆ ಸದ್ದನ್ನು ಹಿಡಿಯುವ ಸೂಕ್ಷ್ಮ ಕೂದಲ ಕೋಶಗಳು ಸುಮಾರು 15,000. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಏಳು ಇಯರ್‌ಫೋನ್ ಅಪ್‌ಗ್ರೇಡ್ ಮಾಡುತ್ತಾ ಹೋದೆ, ಅಪ್‌ಗ್ರೇಡ್ ಇಲ್ಲದ ಒಂದನ್ನು ಕೆಡಿಸಿಕೊಂಡೆ.

ಅದಕ್ಕೇ ಹೇಳುವುದು, ಹಾಡಿಗೆ ಹೊಂದುವ ಇಯರ್‌ಫೋನು ಶೋಕಿಯಲ್ಲ. ದನಿ ಸ್ಪಷ್ಟವಾಗಿದ್ದರೆ, ಟಿಪ್ ಗಟ್ಟಿಯಾಗಿ ಕೂತು ಹೊರಗಿನ ಗದ್ದಲ ತಡೆದರೆ ಕಡಿಮೆ ವಾಲ್ಯೂಮಿನಲ್ಲೇ ಹಾಡು ಪೂರ್ತಿ ಸಿಗುತ್ತದೆ. ಬಸ್ಸು, ಮೆಟ್ರೋದಲ್ಲಿ ನಾಯ್ಸ್ ಕ್ಯಾನ್ಸಲಿಂಗಿಗೂ ಇದೇ ಕಾರಣಕ್ಕೆ ಬೆಲೆಯಿದೆ. ಪ್ಯಾಂಟ್ರಿಯಲ್ಲಿ ಅವಳು ಹೇಳಿದ್ದರಲ್ಲಿ ಅರ್ಥವಿತ್ತು, ಕಾರಣ ಮಾತ್ರ ಯಾರೂ ಹೇಳಲಿಲ್ಲ. ಗಾಡಿ ಓಡಿಸುವಾಗ, ರಸ್ತೆ ದಾಟುವಾಗ ಮಾತ್ರ ಎರಡನ್ನೂ ತೆಗೆದು ಜೇಬಿಗೆ ಹಾಕಿ. ಹಿಂದಿನಿಂದ ಬರುವ ಟಿಪ್ಪರಿಗೆ ನಿಮ್ಮ ಪ್ಲೇಲಿಸ್ಟ್ ಗೊತ್ತಿರುವುದಿಲ್ಲ.

ಕುಂದಾಪುರದ ಹುಡುಗನ ಇಯರ್‌ಫೋನನ್ನು ಡ್ರಾಯರಿನಿಂದ ತೆಗೆಸಿದೆ. ನೋಡಿದರೆ ಅಂದುಕೊಂಡ ಹಾಗೇ, ಟಿಪ್ ಸಣ್ಣದಾಗಿ ಕಿವಿಯಲ್ಲಿ ಸಡಿಲವಾಗಿತ್ತು. ದೊಡ್ಡ ಅಳತೆಯದನ್ನು ಹಾಕಿಸಿದೆ. ಫೋನಿನಲ್ಲಿ ಮೇಲಿನ ಸ್ವರ ನಾಲ್ಕು ಡೆಸಿಬಲ್ ಇಳಿಸಿದೆ. ವಾಲ್ಯೂಮ್ ಅರ್ಧಕ್ಕೆ ತಂದೆ. ನಾವಡರನ್ನು ಹಚ್ಚಿ ಕಣ್ಣು ಮುಚ್ಚಿಕೊಂಡ. ಚೆಂಡೆ ಬಂದಾಗ ಅವನ ಮುಖ ನೋಡುತ್ತಿದ್ದೆ, ಹುಬ್ಬು ಗಂಟಿಕ್ಕಲಿಲ್ಲ. ಖರ್ಚು ಸೊನ್ನೆ.

ಅಪ್ಪ ಈ ದೀಪಾವಳಿಗೆ ಬಂದಾಗಲೂ ಅದೇ ಮನ್ಸೂರರನ್ನು ಹಚ್ಚಿಕೊಟ್ಟೆ, ಏಳರಲ್ಲಿ ಎಲ್ಲಕ್ಕಿಂತ ಅಗ್ಗದ್ದರಲ್ಲಿ. ಐದು ನಿಮಿಷವಾದರೂ ತೆಗೆಯಲಿಲ್ಲ. "ಹಾಂ, ಈಗ ಬಂತ ನೋಡು ತಂಬೂರಿ" ಅಂದರು. ನನಗೂ ಕೇಳಿಸಿದರು. ಬಲಗಿವಿಯಲ್ಲಿ ಚೆನ್ನಾಗಿ ಕೇಳಿತು. ಎಡಗಿವಿಯಲ್ಲಿ ತಂಬೂರಿಯ ಜತೆ ನನ್ನ ಜೀರುಂಡೆಯೂ ಇತ್ತು.

ಮುಂದಿನ ಸಲ ಯಾರಾದರೂ ನಿಮ್ಮನ್ನು ಯಾವ ಇಯರ್‌ಫೋನ್ ತಗೊಳ್ಳಲಿ ಅಂತ ಕೇಳಿದರೆ ಲಿಂಕ್ ಕಳಿಸಬೇಡಿ. ಏನು ಕೇಳ್ತೀಯ ಅಂತ ಕೇಳಿ. ಎಷ್ಟು ಜೋರಾಗಿ ಕೇಳ್ತೀಯ ಅಂತಲೂ ಕೇಳಿ.